ಹನ್ನೆರಡು ಕ್ಯಾಮೆರಾ

ಕ್ಯಾಮೆರಾದ ಗಾಜಿನ ಮೇಲೆ ಒಂದು ಹನಿ ಕೂತಿತ್ತು. ರಂಜಿತ ಬಟ್ಟೆಯಿಂದ ಒರೆಸಿದಳು. ಹೋಗಲಿಲ್ಲ. ಹನಿ ಇದ್ದದ್ದು ಒಳಮೈಯಲ್ಲಿ.

ನರಸಾಪುರದ ಆ ಚಿಕ್ಕ ಕಾರ್ಖಾನೆಯಿಂದ ಅರವತ್ತು ಕಾವಲು ಕ್ಯಾಮೆರಾಗಳು ಕರಾವಳಿಯ ಬಂದರೊಂದಕ್ಕೆ ಹೋಗಬೇಕಿತ್ತು. ಬಂದರಿನ ಭದ್ರತೆಗೆಂದು ಸರ್ಕಾರ ಕೊಟ್ಟ ಅನುದಾನ. ಮಾರ್ಚ್ ಮೂವತ್ತೊಂದರೊಳಗೆ ಮಾಲು ತಲುಪದಿದ್ದರೆ ಹಣ ವಾಪಸ್. ಇವತ್ತಾಗಲೇ ಇಪ್ಪತ್ತೊಂಬತ್ತು. ಗೇಟಿನಲ್ಲಿ ಲಾರಿ ಕಾಯುತ್ತಿತ್ತು. ನಾಲ್ಕು ದಿನ ಉಪ್ಪುನೀರು ಚಿಮುಕಿಸಿ ನೋಡುವ ಪರೀಕ್ಷೆಯ ವರದಿಗೆ ರಂಜಿತ ಸಹಿ ಹಾಕಿದರೆ ಹೊರಡುವುದೊಂದೇ ಬಾಕಿ.

ಮ್ಯಾನೇಜರ್ ವೇಣುಗೋಪಾಲ್ ಮೂರನೇ ಸಲ ಬಂದರು. "ಒಂದ್ ಹನಿ ತಾನೇನಮ್ಮಾ? ಹಾಕು ಸಹಿ."

"ನಾಲ್ಕೇ ದಿನಕ್ಕೆ ಒಳಗೆ ನೀರು ಬಂದೈತೆ ಸಾರ್. ಅಲ್ಲಿ ವರ್ಷಪೂರ್ತಿ ಉಪ್ಪುಗಾಳಿ. ಗಾಜು ಮಂಜಾದ್ರೆ ಯಾವ ದೋಣಿ ಬಂತು, ಯಾರು ಇಳಿದ್ರು, ಏನ್ ಕಾಣ್ಸುತ್ತೆ?"

ಪ್ಯಾಕಿಂಗಿನಲ್ಲಿ ಗುತ್ತಿಗೆ ಮೇಲಿದ್ದ ಅನಿತ ಹತ್ತಿರ ಬಂದಳು. ಇಬ್ಬರೂ ಸುಗಟೂರಿನ ಒಂದೇ ಮನೆಯ ಸೊಸೆಯರು. "ಆರ್ಡರ್ ಹೋದ್ರೆ ಮೊದ್ಲು ನಮ್ಮಂಥೋರ್ನೇ ತೆಗೆಯೋದು ಕಣೇ," ಎಂದು ಪಿಸುಗುಟ್ಟಿದಳು.

ರಂಜಿತ ಪೆನ್ನು ತೆಗೆದಳು. ಅನಿತಳ ಮುಖ ನೋಡಿದರೆ ಬರೆಯಲಾಗುವುದಿಲ್ಲವೆಂದು ತಲೆ ತಗ್ಗಿಸಿ, 'ಫೇಲ್' ಎಂದು ಬರೆದು ಸಹಿ ಹಾಕಿದಳು.

ವೇಣುಗೋಪಾಲರ ಮುಖ ಕಪ್ಪಿಟ್ಟಿತು. ಬೇರೆ ದಾರಿ ಕಾಣದೆ ಬಂದರಿನ ಭದ್ರತಾ ಅಧಿಕಾರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ಸೋರಿದ್ದು ಯಾತರಿಂದ?" ಆ ಕಡೆಯ ದನಿ ಕೇಳಿತು.

"ಗಾಜಿನ ಸುತ್ತ ಹಾಕೋಕೆ ಹೊಸದಾಗಿ ತರಿಸಿದ ರಬ್ಬರಿನಿಂದ ಸಾರ್," ರಂಜಿತ ರಿಜಿಸ್ಟರ್ ತಿರುವಿದಳು. "ಹನ್ನೆರಡಕ್ಕೆ ಹಾಕಿದೀವಿ. ಹಳೇ ರಬ್ಬರಿನವು ಪಾಸಾಗಿವೆ."

"ಬದಲಾಯಿಸಿ ಕಳಿಸಬಹುದಾ?"

"ಮತ್ತೆ ಪರೀಕ್ಷೆಗೆ ನಾಲ್ಕು ದಿನ ಬೇಕು ಸಾರ್."

ಆ ಕಡೆ ಕಾಗದ ಮಗುಚುವ ಸದ್ದು.

"ನಲವತ್ತೆಂಟು ಕಳಿಸಿ. ಹನ್ನೆರಡರ ಅನುದಾನ ಹೋದಂತೆಯೇ. ಮೀನುಗಾರರ ಜೆಟ್ಟಿಗೆ ಕ್ಯಾಮೆರಾ ಬದಲು ಜನ ನಿಲ್ಲಿಸ್ತೀನಿ. ಕಣ್ಣಿಲ್ಲದ ಕ್ಯಾಮೆರಾಕ್ಕಿಂತ ಅದು ವಾಸಿ."

ಸಂಜೆ ಲಾರಿ ಹೊರಟಿತು. ಕಂಪನಿ ಬಸ್ಸಿನಲ್ಲಿ ಅನಿತ ಬೇರೆ ಸೀಟಿನಲ್ಲಿ ಕೂತಳು.

ಏಪ್ರಿಲ್ ಮೊದಲ ವಾರ ಪ್ಯಾಕಿಂಗಿನ ನಾಲ್ವರ ಗುತ್ತಿಗೆ ಮುಂದುವರಿಯಲಿಲ್ಲ. ಅವರಲ್ಲಿ ಅನಿತಳೂ ಇದ್ದಳು. ಅಂದು ರಂಜಿತ ಮನೆಗೆ ಬಂದಾಗ ಅನಿತ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು.

"ಅನಿತಾ..."

"ನೀನ್ ಮಾಡಿದ್ದು ತಪ್ಪು ಅನ್ನಲ್ಲ. ಆದ್ರೆ ಇವತ್ತು ನನ್ನ ಮಾತಾಡಿಸ್ಬೇಡ ಕಣೇ."

ರಂಜಿತ ಕೈತೊಳೆದು ಬಂದು, ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸತೊಡಗಿದಳು. ಅನಿತ ಎದ್ದು ಹೋಗಲಿಲ್ಲ.