ಆಮ್ಯಾಲ

ಗೋಡೆಯ ಮೇಲಿನ ಡಬ್ಬಿಯಲ್ಲಿ ನಲವತ್ತೇಳು ಎಂದು ಕೆಂಪು ಅಂಕಿ ಬಂದಾಗ ವಿದ್ಯಾಶ್ರೀ ತನ್ನ ಚೀಟಿಯನ್ನು ಮತ್ತೊಮ್ಮೆ ನೋಡಿಕೊಂಡಳು. ಅದು ತನ್ನದೇ ನಂಬರು ಎಂದು ಅವಳಿಗೆ ಗೊತ್ತಿತ್ತು. ಒಂದೂವರೆ ಗಂಟೆಯಿಂದ ಅದನ್ನೇ ಹಿಡಿದು ಕೂತಿದ್ದಳು. ಆದರೂ ಏಳಲಿಲ್ಲ.

"ವಿದ್ಯಾ, ನಮ್ದೇ ನಂಬರ್. ಬನ್ನಿ, ಮಿಸ್ ಆದ್ರೆ ಮತ್ತೆ ಕ್ಯೂ ಹಾಕ್ಬೇಕು," ಎಂದು ರಮಾ ತೋಳು ಹಿಡಿದು ಎಬ್ಬಿಸಿದಳು.

ರಮಾ ಬೆಂಗಳೂರಿನವಳು. ಸಿಂಗಾಪುರದ ಬಿಶಾನ್‌ನ ವಿದ್ಯಾಶ್ರೀ ಇದ್ದ ಬ್ಲಾಕಿನಲ್ಲೇ ಮೂರು ಮಹಡಿ ಮೇಲೆ ಮನೆ. ಗಂಡ ಅನಂತರಾಮ್‌ಗೆ ಒನ್-ನಾರ್ತ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಇವತ್ತು ರಮಾ ಅರ್ಧ ದಿನ ರಜೆ ಹಾಕಿ, ಕಷ್ಟದವರಿಗೆ ಸರಕಾರದ ನೆರವು ಕೊಡುವ ಕೌನ್ಸಿಲ್ ಕಚೇರಿಗೆ ಜೊತೆಗೆ ಬಂದಿದ್ದಳು. ಬರುವಾಗ ದಾರಿಯುದ್ದಕ್ಕೂ "ಟ್ರೈ ಮಾಡೋದ್ರಲ್ಲಿ ತಪ್ಪೇನಿಲ್ಲ" ಎಂದು ಎಷ್ಟು ಸಲ ಹೇಳಿದ್ದಳೆಂದರೆ, ಅವಳಿಗೇ ಅದರಲ್ಲಿ ನಂಬಿಕೆ ಇಲ್ಲವೆಂದು ವಿದ್ಯಾಶ್ರೀಗೆ ಗೊತ್ತಾಗಿಹೋಗಿತ್ತು.

ಕೌಂಟರಿನ ಆಚೆ ಕೂತಿದ್ದ ಮಿಸ್ ಕೋ ಐವತ್ತು ದಾಟಿದ ಹೆಂಗಸು. ಕನ್ನಡಕಕ್ಕೆ ಮಣಿಸರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಳು. ಮುಖ ಕೆಟ್ಟವರ ಮುಖವಲ್ಲ. ವಿದ್ಯಾಶ್ರೀ ತನ್ನ ಹಸಿರು ಕಾರ್ಡನ್ನು ಮುಂದಿಟ್ಟಳು. ಮಿಸ್ ಕೋ ಅದನ್ನು ಕೈಯಲ್ಲಿ ಎತ್ತಿಕೊಳ್ಳಲಿಲ್ಲ, ಬಣ್ಣವನ್ನಷ್ಟೇ ನೋಡಿದಳು.

"ಗ್ರೀನ್ ಆ? ಹಸ್ಬೆಂಡ್ ಹೌ? ಬ್ಲೂ ಹ್ಯಾವ್?"

"ಹಿ ಆಲ್ಸೋ ಗ್ರೀನ್," ಎಂದಳು ವಿದ್ಯಾಶ್ರೀ.

ಈ ಊರಿನಲ್ಲಿ ಮನುಷ್ಯರಿಗೆ ಮೂರು ಬಣ್ಣ. ಇಲ್ಲಿನ ಪ್ರಜೆಗೆ ಗುಲಾಬಿ ಕಾರ್ಡು, ಕಾಯಂ ಇರಲು ಅನುಮತಿ ಪಡೆದವರಿಗೆ ನೀಲಿ, ದುಡಿಯಲು ಬಂದವರಿಗೆ ಹಸಿರು. ದುಡಿಯುವಷ್ಟು ದಿನ ಯಾರೂ ಬಣ್ಣ ಕೇಳುವುದಿಲ್ಲ. ಎತ್ತ ನೋಡಿದರೂ ಕ್ರೇನುಗಳು ನಿಂತಿದ್ದ ಕಾಲ ಅದು. ಸಮುದ್ರವನ್ನು ತುಂಬಿಸಿ ಹೋಟೆಲು ಕಟ್ಟುತ್ತಿದ್ದರು. ಜನ ಬೇಕು, ಇನ್ನೂ ಜನ ಬೇಕು ಎಂದು ಪೇಪರಿನಲ್ಲಿ ದಿನವೂ ಬರುತ್ತಿತ್ತು. ಬಣ್ಣ ಕೇಳುವುದು ಮನುಷ್ಯ ಬಿದ್ದಾಗ.

ವಿದ್ಯಾಶ್ರೀಯ ಗಂಡ ಶಿವಯೋಗೀಶ ಬಿದ್ದದ್ದು ಆರು ವಾರದ ಹಿಂದೆ, ಸೆಲೆಟಾರ್‌ನ ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ. ಗದಗಿನ ಕಡೆಯವನು, ಮೂವತ್ತೆಂಟರ ಆಳು. ವಿಮಾನದ ರೆಕ್ಕೆಯ ಕೆಳಗೆ ಏಣಿ ಇಳಿಯುತ್ತಿದ್ದವನು ಕೊನೆಯ ಮೆಟ್ಟಿಲಲ್ಲಿ ಕೂತುಬಿಟ್ಟನಂತೆ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಕಂಪನಿ ಒಂದು ತಿಂಗಳು ಕಾಯಿತು, ಆಮೇಲೆ ಕಾಯಿದೆ ಪ್ರಕಾರ ಪತ್ರ ಕೊಟ್ಟಿತು. ಕೆಲಸದ ಪಾಸು ರದ್ದಾದರೆ ಹೆಂಡತಿ, ಮಗಳು ಅಕ್ಷತಾ, ಇಬ್ಬರ ಪಾಸೂ ಅದರ ಬಾಲದಂತೆ ಹಿಂದೆಯೇ ಹೋಗುತ್ತದೆ. ಉಳಿದಿದ್ದದ್ದು ಹನ್ನೊಂದು ದಿನ.

ಡಾಕ್ಟರು ಹೇಳಿದ್ದು ಒಂದೇ ಮಾತು: ಇನ್ನು ಮೂರು ತಿಂಗಳು ಮುಖ್ಯ. ಈಗಲೇ ದಿನಾ ವ್ಯಾಯಾಮ, ಮಾತಿನ ಅಭ್ಯಾಸ ಮಾಡಿಸಿದರೆ ನಡೆದಾನು, ಮಾತಾಡಿಯಾನು. ಮೂರು ತಿಂಗಳು ಸುಮ್ಮನೆ ಮಲಗಿದರೆ ಮುಂದೆಯೂ ಮಲಗಿಯೇ ಇರುತ್ತಾನೆ. ಅದಕ್ಕೆಂದೇ ಬೇರೆ ಆಸ್ಪತ್ರೆ ಇತ್ತು. ಸರಕಾರದ ನೆರವಿದ್ದರೆ ಅಲ್ಲೊಂದು ಹಾಸಿಗೆ, ಇಲ್ಲದಿದ್ದರೆ ಇಲ್ಲ. ಊರಿಗೆ ಒಯ್ಯೋಣವೆಂದರೆ ವಿಮಾನದಲ್ಲಿ ಸ್ಟ್ರೆಚರ್ ಹಾಕಲು ಇನ್ನೂ ಎರಡು ತಿಂಗಳು ಡಾಕ್ಟರು ಸಹಿ ಹಾಕುವುದಿಲ್ಲ. ವಿದ್ಯಾಶ್ರೀ ಕೇಳಲು ಬಂದದ್ದು ಆ ಮೂರು ತಿಂಗಳನ್ನು, ಅಷ್ಟೇ. ಅದಕ್ಕಿಂತ ಒಂದು ದಿನ ಹೆಚ್ಚು ಬೇಡವೆಂದು ಬರೆದುಕೊಡಲೂ ಅವಳು ತಯಾರಿದ್ದಳು.

ಮಿಸ್ ಕೋ ಎಲ್ಲವನ್ನೂ ಕೇಳಿದಳು. ನಡುವೆ ಎರಡು ಸಲ "ಅಯ್ಯೋ" ಎಂದಳು. ಇಲ್ಲಿನ ಚೀನೀಯರೂ "ಅಯ್ಯೋ" ಎನ್ನುತ್ತಾರೆ, ಅದನ್ನು ಮೊದಲ ಸಲ ಕೇಳಿದಾಗ ಶಿವಯೋಗೀಶ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ ಮಿಸ್ ಕೋ ಕಂಪ್ಯೂಟರಿನ ಕಡೆ ತಿರುಗಿ ಏನನ್ನೋ ಹುಡುಕಿ, ಕನ್ನಡಕ ತೆಗೆದಳು.

"ಕ್ಯಾನಾಟ್ ಲಾ, ಮೇಡಂ. ಪಿಂಕ್ ಕ್ಯಾನ್, ಬ್ಲೂ ಕ್ಯಾನ್. ಗ್ರೀನ್, ಐ ವಾಂಟ್ ಟು ಹೆಲ್ಪ್ ಆಲ್ಸೋ ಸಿಸ್ಟಮ್ ಡೋಂಟ್ ಲೆಟ್."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ತಿರುಗಾಮುರುಗಾ. ಪೂಜಾರಿಯ ಕಣ್ಣಲ್ಲಿ ನೀರಿತ್ತು, ದೇವರು ಕಂಪ್ಯೂಟರಿನೊಳಗೆ ಕೂತಿದ್ದ.

"ಒನ್ ಪರ್ಸನ್ ಬ್ಲೂ ಆಲ್ಸೋ ಎನಫ್," ಎಂದು ಮಿಸ್ ಕೋ ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು. ಗಂಡನ ಹೆಸರಲ್ಲಿ ನೀಲಿ ಕಾರ್ಡೊಂದು ಇದ್ದಿದ್ದರೆ ಇವತ್ತೇ ಪತ್ರ ಕೊಡುತ್ತಿದ್ದಳಂತೆ. ಹೋದ ವರ್ಷ ಇಂಥ ಕೆಲಸದವರಿಗೆಲ್ಲ ಸರಕಾರವೇ ಕರೆದು ಕಾಗದ ಕಳಿಸಿತ್ತಲ್ಲ, ನಿಮಗೆ ಬರಲಿಲ್ಲವೇ ಎಂದು ಕೇಳಿದಳು.

ವಿದ್ಯಾಶ್ರೀ ತನ್ನ ಹಸಿರು ಕಾರ್ಡನ್ನು ಹತ್ತಿರ ಎಳೆದುಕೊಂಡಳು. ರಮಾ ತನ್ನ ಕೈಚೀಲದ ಜಿಪ್ಪನ್ನು ಎಳೆದಳು, ಮತ್ತೆ ಹಾಕಿದಳು. ಆ ಚೀಲದೊಳಗೆ ನೀಲಿ ಕಾರ್ಡಿತ್ತು.

ಕಾಗದ ಬಂದಿತ್ತು. ಎರಡು ಮನೆಗೂ ಒಂದೇ ವಾರ ಬಂದಿತ್ತು. ನೀವು ಇಲ್ಲಿ ಕಾಯಂ ನೆಲೆಸಬಹುದು, ಜುಲೈ ಇಪ್ಪತ್ತರೊಳಗೆ ಅರ್ಜಿ ಕೊಡಿ ಎಂದು ಅದರಲ್ಲಿತ್ತು. ಶಿವಯೋಗೀಶ ಅದನ್ನು ಮೂರು ಸಲ ಓದಿ ಹೆಂಡತಿಯ ಕೈಗೆ ಕೊಟ್ಟಿದ್ದ. ಅವಳು ಓದಲಿಲ್ಲ, ಕ್ಯಾಲೆಂಡರ್ ನೋಡಿದಳು.

"ಈಗ ಆಷಾಢ ನಡದೈತಿ. ಕಾಯಂ ಅಂತ ಬರಿಯೂ ಕಾಗದರೀ ಇದು. ಇಂಥದಕ್ಕ ಆಷಾಢದಾಗ ನಾ ಸಹಿ ಹಾಕಂಗಿಲ್ಲ. ಶ್ರಾವಣ ಹುಟ್ಲಿ, ಮೊದಲನೇ ಸೋಮವಾರ ಹಾಕೂಣು."

"ಲಿಂಗ ಕಟ್ಟಿಕೊಂಡವರಿಗೆ ಎಂಥಾ ಆಷಾಢ? ಶರಣರು ಕೇಳಿದ್ರ ನಗ್ತಾರ ನೋಡು," ಎಂದು ಅವನು ನಕ್ಕಿದ್ದ. "ನಮ್ಮ ಹ್ಯಾಂಗರಿನಾಗ ಒಂದು ಸಹಿ ಬಿಟ್ರ ಇಡೀ ವಿಮಾನ ನೆಲ ಬಿಟ್ಟು ಏಳಂಗಿಲ್ಲ. ಹಾಕಿಬಿಡು."

"ಐದಾರು ದಿನದಾಗ ಏನಾಗ್ತೈತ್ರಿ? ಆಮ್ಯಾಲ ಹಾಕ್ತೀನಿ."

ಬಿಎಸ್ಸಿ ಓದಿದವಳು ಅವಳು. ಆದರೆ ಕಾಯಂ ಎಂಬ ಮಾತಿಗೆ ಅವಳ ಎದೆ ಹೆದರಿತ್ತು. ಊರಿನಲ್ಲಿ ಮನುಷ್ಯ ಕಾಯಂ ಹೋದ ಎಂದರೆ ಅರ್ಥ ಒಂದೇ. ರಮಾ ಆ ಗುರುವಾರವೇ ಅರ್ಜಿ ಕೊಟ್ಟು ಬಂದಳು. ಅವರ ಮನೆಯಲ್ಲೂ ಆಷಾಢಕ್ಕೆ ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದಿಲ್ಲ, ಮದುವೆ ಮಾತು ಎತ್ತುವುದಿಲ್ಲ. ಆದರೆ ಸಿಂಗಾಪುರದ ಕಾಗದಕ್ಕೆ ಪಂಚಾಂಗ ಅನ್ವಯಿಸುವುದಿಲ್ಲ ಎಂದು ಅನಂತರಾಮ್ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದ್ದ.

ಶ್ರಾವಣ ಬಂದಾಗ ಕಾಗದದ ಗಡುವು ಮುಗಿದಿತ್ತು. ಹೊಸದಾಗಿ ಅರ್ಜಿ ಹಾಕಬಹುದಿತ್ತು, ಅದಕ್ಕೆ ಕಂಪನಿಯಿಂದ ಹೊಸ ಪತ್ರ ಬೇಕಿತ್ತು. ಆಗ ಅವನೂ "ಆಮ್ಯಾಲ ನೋಡೂಣು" ಎಂದ. ದೀಪಾವಳಿ ಬಂತು, ಸಂಕ್ರಾಂತಿ ಬಂತು. ಮನೆಯಲ್ಲಿ ಆಮ್ಯಾಲ ಎಂಬ ಮಾತು ಉಪ್ಪಿನ ಡಬ್ಬಿಯ ಹಾಗೆ ಯಾರ ಕೈಗಾದರೂ ಸಿಗುವಂತಾಯಿತು.

"ಲೆಟ್ ಮಿ ಸೀ ಯುವರ್ ಪೇಪರ್ಸ್," ಎಂದು ಮಿಸ್ ಕೋ ಫೈಲಿಗೆ ಕೈ ಚಾಚಿದಳು. ದೇವಸ್ಥಾನದ ಸಮಿತಿಗೋ ಬೇರೆ ಯಾವುದಾದರೂ ಸಂಸ್ಥೆಗೋ ಒಂದು ಚೀಟಿ ಬರೆದು ಕೊಡೋಣ ಎಂದು ಅವಳ ಮನಸ್ಸಿನಲ್ಲಿತ್ತು. ಆಸ್ಪತ್ರೆಯ ಕಾಗದ, ಕಂಪನಿಯ ಪತ್ರ, ಪಾಸ್‌ಪೋರ್ಟಿನ ಪ್ರತಿ. ಎಲ್ಲಕ್ಕೂ ಕೆಳಗೆ ಒಂದು ಪ್ಲಾಸ್ಟಿಕ್ ಲಕೋಟೆ. ಶಿವಯೋಗೀಶನ ಜೊತೆ ಕೆಲಸ ಮಾಡುತ್ತಿದ್ದ ಗೋಪಿನಾಥ್ ನಿನ್ನೆಯಷ್ಟೇ ಅವನ ಲಾಕರ್ ಖಾಲಿ ಮಾಡಿ ತಂದುಕೊಟ್ಟಿದ್ದ. ಬೂಟು, ಟವೆಲು, ಒಂದು ವಿಭೂತಿಗಟ್ಟಿ, ಈ ಲಕೋಟೆ. ಕಾಗದವೆಲ್ಲ ಒಂದೆಡೆ ಇರಲಿ ಎಂದು ವಿದ್ಯಾಶ್ರೀ ಬಿಚ್ಚಿ ನೋಡದೆ ಅದನ್ನು ಫೈಲಿಗೆ ಸೇರಿಸಿದ್ದಳು.

ಮಿಸ್ ಕೋ ಲಕೋಟೆಯಿಂದ ನಾಲ್ಕು ಹಾಳೆ ಹೊರಗೆಳೆದಳು.

"ಏ, ಯು ಗಾಟ್ ದಿ ಫಾರ್ಮ್ ವಾಟ್!"

ಅದೇ ಅರ್ಜಿ. ಕಪ್ಪು ಮಸಿಯಲ್ಲಿ, ಚೌಕಕ್ಕೊಂದು ಅಕ್ಷರದಂತೆ, ವಿಮಾನದ ದಾಖಲೆ ಬರೆಯುವ ಅವನ ಕೈಬರಹ. ಅವನ ಹೆಸರು, ಅವನ ತಂದೆ ಚನ್ನಮಲ್ಲಪ್ಪನ ಹೆಸರು, ವಿದ್ಯಾಶ್ರೀಯ ಹೆಸರು, ಅಕ್ಷತಾಳ ಹೆಸರು. ಕೊನೆಯ ಹಾಳೆಯಲ್ಲಿ ಅವನ ಸಹಿ. ಅದರ ಕೆಳಗೆ ತಾರೀಖು, ಜುಲೈ ಹತ್ತೊಂಬತ್ತು, ಹೋದ ವರ್ಷದ್ದು. ಪಕ್ಕದಲ್ಲಿ ಹೆಂಡತಿ ಸಹಿ ಮಾಡಬೇಕಾದ ಜಾಗ ಖಾಲಿ. ಆ ಖಾಲಿ ಗೆರೆಯ ಮುಂದೆ ಕೆಂಪು ಮಾರ್ಕರಿನ ಸಣ್ಣದೊಂದು ಗುಣಾಕಾರ ಗುರುತು. ವಿಮಾನದ ತಗಡಿನ ಮೇಲೆ ಪೆನ್ಸಿಲ್ ಆಡಿಸಬಾರದು, ತುಕ್ಕು ಹಿಡಿಯುತ್ತದೆ ಎಂದು ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಆ ಮಾರ್ಕರ್ ಇರುತ್ತಿತ್ತು.

"ಎವ್ರಿಥಿಂಗ್ ಆಲ್ಸೋ ಡನ್," ಎಂದಳು ಮಿಸ್ ಕೋ, ಹಾಳೆ ತಿರುಗಿಸುತ್ತ. "ಓನ್ಲಿ ಯುವರ್ ಸೈಡ್ ನೆವರ್ ಸೈನ್."

ಹೇಳಿದ ಮೇಲೆ ಅವಳಿಗೆ ತಿಳಿಯಿತೋ ಏನೋ, ಹಾಳೆಯನ್ನು ವಿದ್ಯಾಶ್ರೀಯ ಕಡೆ ತಿರುಗಿಸಿಟ್ಟಳು.

ವಿದ್ಯಾಶ್ರೀ ಇಷ್ಟು ದಿನ ತಿಳಿದದ್ದೇ ಬೇರೆ. ಅವನು ನಕ್ಕು ಬಿಟ್ಟುಕೊಟ್ಟ, ಮರೆತ ಎಂದುಕೊಂಡಿದ್ದಳು. ಅವನು ಮರೆತಿರಲಿಲ್ಲ. ಕೊನೆಯ ದಿನದ ಹಿಂದಿನ ದಿನ ಎಲ್ಲ ತುಂಬಿ, ಅವಳು ಎಲ್ಲಿ ಸಹಿ ಮಾಡಬೇಕೆಂದು ಗುರುತು ಹಾಕಿ ಮನೆಗೆ ತಂದಿದ್ದಾನೆ. ಅವತ್ತು ಸಂಜೆ ಏನಾಯಿತೆಂದು ನೆನಪು ಮಾಡಿಕೊಳ್ಳಲು ನೋಡಿದಳು. ರೊಟ್ಟಿ ಬಡಿಯುತ್ತಿದ್ದಳು. "ವಿದ್ಯಾ, ಒಂದೀಟು ಇಲ್ಲಿ ಬಾ" ಎಂದು ಅವನು ಕರೆದದ್ದು ನಿಜ. ಕೈಗೆ ಹಿಟ್ಟು ಮೆತ್ತಿತ್ತು. ತಾನು ಏನಂದಿದ್ದೆ ಎಂಬುದನ್ನು ಅವಳು ಹುಡುಕಬೇಕಾಗಿರಲಿಲ್ಲ.

"ಪೆನ್ ಕೊಡ್ರಿ," ಎಂದಳು.

"ವಿದ್ಯಾ," ಎಂದಳು ರಮಾ.

"ಪೆನ್, ಪ್ಲೀಸ್. ಐ ವಿಲ್ ಸೈನ್ ನೌ."

"ಮೇಡಂ, ಕ್ಯಾನಾಟ್ ಆಲ್ರೆಡಿ," ಎಂದು ಮಿಸ್ ಕೋ ಮೆಲ್ಲಗೆ ಹೇಳಿದಳು. ಇದು ಹಳೆಯ ಫಾರಂ, ಈಗ ಬೇರೆ ಬಂದಿದೆ. ಇದು ಈ ಕಚೇರಿಗೆ ಸೇರಿದ್ದೂ ಅಲ್ಲ. ಮೇಲಾಗಿ ಗಂಡನಿಗೆ ಈಗ ಕೆಲಸವೇ ಇಲ್ಲವಲ್ಲ.

"ಐ ನೋ," ಎಂದಳು ವಿದ್ಯಾಶ್ರೀ. ಕೌಂಟರಿಗೆ ದಾರದಿಂದ ಕಟ್ಟಿದ್ದ ಪೆನ್ನನ್ನು ತಾನೇ ಎಳೆದುಕೊಂಡಳು. ದಾರ ಗಿಡ್ಡವಿತ್ತು, ಹಾಳೆಯನ್ನೇ ಅದರ ಹತ್ತಿರ ಸರಿಸಬೇಕಾಯಿತು. ಕೆಂಪು ಗುರುತಿನ ಮುಂದೆ ಪೂರ್ತಿ ಹೆಸರು ಬರೆದಳು, ವಿದ್ಯಾಶ್ರೀ ಶಿವಯೋಗೀಶ ಎಂದು, ಕನ್ನಡದಲ್ಲಿ. ಮಿಸ್ ಕೋ ತಡೆಯಲಿಲ್ಲ.

"ತಾರೀಖು?" ಎಂದು ರಮಾಳನ್ನು ಕೇಳಿದಳು.

ರಮಾ ಹೇಳಿದಳು. ಹೇಳುತ್ತ ಅಳತೊಡಗಿದಳು. ಈ ವರ್ಷ ಅಧಿಕ ಮಾಸ ಬಂದು ಎಲ್ಲವೂ ತಿಂಗಳು ಮುಂದೆ ಹೋಗಿತ್ತು. ಆಷಾಢ ಇನ್ನೂ ಮುಗಿದಿರಲಿಲ್ಲ.

"ನಾನಾದ್ರೂ ಅವತ್ತು ಫೋರ್ಸ್ ಮಾಡ್ಬೇಕಿತ್ತು ವಿದ್ಯಾ. ನಾವು ಸಬ್ಮಿಟ್ ಮಾಡಿ ಸುಮ್ನಾಗ್ಬಿಟ್ವಿ."

"ನೀವೇನ್ ಮಾಡೋಕಾಗ್ತಿತ್ತು ಬಿಡಿ," ಎಂದಳು ವಿದ್ಯಾಶ್ರೀ. ಅವಳಿಗೆ ರಮಾಳ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಬೇರೆ ಯಾರಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಆಸ್ಪತ್ರೆಗೆ ಹೋದಾಗ ಮಧ್ಯಾಹ್ನದ ಭೇಟಿಯ ಹೊತ್ತು. ವಾರ್ಡಿನ ಮನಿಲಾದ ನರ್ಸು ಅವಳನ್ನು ಕಂಡು, "ಹಲೋ ಮಿಸೆಸ್ ಅಮಾಲಾ!" ಎಂದಳು. ಹಾಸಿಗೆಯ ತಲೆಗಡೆ ಗೋಡೆಯ ಬಿಳಿ ಹಲಗೆಯಲ್ಲೂ ಹತ್ತಿರದ ಸಂಬಂಧಿ ಎಂಬ ಜಾಗದಲ್ಲಿ ಅದೇ ಹೆಸರು ಬರೆದಿತ್ತು. ಮೂರನೆಯ ವಾರ ಶಿವಯೋಗೀಶನ ಬಾಯಿಂದ ಒಂದು ಮಾತು ಹೊರಟಿತ್ತು, ಅದೊಂದೇ. ಊಟ ಎಂದರೆ "ಆಮ್ಯಾಲ", ಔಷಧಿ ಎಂದರೆ "ಆಮ್ಯಾಲ", ನೋವಿದೆಯಾ ಎಂದರೂ "ಆಮ್ಯಾಲ". ಹೀಗೆ ಒಂದೇ ಮಾತು ಉಳಿಯುವುದುಂಟು, ಅವನಿಗೆ ಅದರ ಅರ್ಥ ಗೊತ್ತಿರುವುದಿಲ್ಲ ಎಂದಿದ್ದರು ಡಾಕ್ಟರು. ನರ್ಸುಗಳು ಮಾತ್ರ ಅದು ಹೆಂಡತಿಯ ಹೆಸರೆಂದು ತಿಳಿದರು. "ದಟ್ಸ್ ನಾಟ್ ಹರ್ ನೇಮ್ ಲಾ, ಆಂಟಿ" ಎಂದು ಅಕ್ಷತಾ ಒಮ್ಮೆ ಬಾಯಿ ತೆರೆದಿದ್ದಳು. ವಿದ್ಯಾಶ್ರೀಯೇ ಕಣ್ಣು ಮಾಡಿ ಸುಮ್ಮನಾಗಿಸಿದ್ದಳು. ಗಂಡ ಹಗಲೂ ರಾತ್ರಿ ಹೆಂಡತಿಯ ಹೆಸರು ಹಿಡಿದು ಕರೆಯುತ್ತಾನೆ ಎಂದು ಅವರಾದರೂ ತಿಳಿದಿರಲಿ ಎನಿಸಿತ್ತು.

ಸ್ಟೂಲು ಎಳೆದು ಅವನ ಎಡಗಡೆ, ಕಣ್ಣು ಸರಿಯಾಗಿ ಹೊರಳುವ ಕಡೆ ಕೂತಳು. ಫೈಲಿನಿಂದ ಕೊನೆಯ ಹಾಳೆಯನ್ನು ತೆಗೆದು ಅವನಿಗೆ ಕಾಣುವಂತೆ ಹಿಡಿದಳು.

"ಇಲ್ನೋಡ್ರಿ. ನೀವು ಗುರ್ತು ಹಾಕಿದ್ರಲ್ಲ, ಅಲ್ಲೇ ಮಾಡೀನಿ ಸಹಿ. ಆಷಾಢದಾಗ ಮಾಡೀನ್ರಿ."

ಅವನ ಕಣ್ಣು ಹಾಳೆಯ ಮೇಲೆ ನಿಂತಿತು. ಮೇಲಿನಿಂದ ಕೆಳಗೆ, ಗೆರೆ ಗೆರೆಯಾಗಿ ಇಳಿಯಿತು. ಹ್ಯಾಂಗರಿನಲ್ಲಿ ಕೆಲಸ ಒಪ್ಪಿಸುವ ಮೊದಲು ದಾಖಲೆಯನ್ನು ಹೀಗೆಯೇ ನೋಡುತ್ತಿದ್ದನೋ ಏನೋ. ಎಡಗೈ ಎದ್ದು ಅವಳ ಸಹಿಯ ಹತ್ತಿರ ಬಂತು, ಮುಟ್ಟಿತು. ತುಟಿ ಅಲುಗಿತು. ಬೈದರೂ ಆದೀತು, ಒಂದು ಬೇರೆ ಮಾತು ಬರಲಿ ಎಂದು ಬೇಡಿಕೊಂಡಳು.

"ಆಮ್ಯಾಲ," ಎಂದ.

"ಯೆಸ್ ಸರ್, ಅಮಾಲಾ ಈಸ್ ಹಿಯರ್," ಎಂದು ನರ್ಸು ನಗುತ್ತ ಬಂದು, ಬಿಳಿ ಹಲಗೆಯ ಮೇಲೆ ಆ ಹೆಸರಿನ ಕೆಳಗೆ ಆಸ್ಪತ್ರೆಯಿಂದ ಬಿಡುಗಡೆಯ ದಿನಾಂಕವನ್ನು ಬರೆದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಪಕ್ಕದ ಹಾಸಿಗೆಗೆ ಹೋದಳು. ಶಿವಯೋಗೀಶನ ಬೆರಳು ಇನ್ನೂ ಹಾಳೆಯ ಮೇಲೆಯೇ ಇತ್ತು. ಅದನ್ನು ಸರಿಸಬಾರದೆಂದು ವಿದ್ಯಾಶ್ರೀ ಹಾಳೆಯನ್ನು ಹಾಗೇ ಹಿಡಿದುಕೊಂಡು ಕೂತಳು.