ಒಡತಿಯ ಅಂಗಿಯಲ್ಲಿ ಒಂಬತ್ತು ದಿನ

ಎಡಗಾಲು ಜೋಮು ಹಿಡಿದಿದೆ, ಹಿಡಿಯಲಿ, ಇಪ್ಪತ್ತು ವರ್ಷ ನಿಂತೇ ಇಸ್ತ್ರಿ ಮಾಡಿದ ಕಾಲಿಗೆ ಕೂತು ಜೋಮು ಹಿಡಿಸಿಕೊಳ್ಳುವ ಭಾಗ್ಯ ಯಾವತ್ತು ಸಿಕ್ಕಿತ್ತು, ಒಂಬತ್ತು ದಿನದಿಂದ ಇಸ್ತ್ರಿಯವಳು ಒಡತಿಯ ರೇಷ್ಮೆ ನಿಲುವಂಗಿ ತೊಟ್ಟು ಒಡತಿಯ ಕುರ್ಚಿಯಲ್ಲೇ ಕೂತಿದ್ದಾಳೆ — ಚಿತ್ರಕ್ಕೆ ಮುಖವನ್ನಷ್ಟೇ ಬರೆಸಿಕೊಂಡು ಒಡತಿ ಎದ್ದು ಹೋಗಿದ್ದರು, ಬಟ್ಟೆಗೆ ಯಾರನ್ನಾದ್ರೂ ಕೂರಿಸ್ಕೊಳ್ಳಿ, ನನಗೆ ಪುರುಸೊತ್ತಿಲ್ಲ ಅಂತ — ಒರಗಬೇಡಮ್ಮ, ದಣಿದೋರು ಒರಗೋದು, ಗದ್ದ ಮೇಲೆತ್ತು, ಕೈಗವಸು ಹಾಕ್ಕೋಬೇಡ, ಸುಮ್ನೆ ಹಿಡ್ಕೋ, ಈ ಕೈಗೆ ಕೆಲಸವೇ ಇಲ್ಲ ಅಂತ ನೋಡಿದೋರಿಗೆ ಗೊತ್ತಾಗ್ಬೇಕು, ಎಂದು ಚಿತ್ರಗಾರ ಹೇಳಿದಾಗ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು, ಮಣಿಕಟ್ಟಿನ ಸುಟ್ಟ ಕಲೆ ಲೇಸಿನಡಿ ಅಡಗಿದೆ, ಪಾಪ ಅದಕ್ಕೂ ರಜೆ, ಅಂಗಿ ನೆಲದ ಮೇಲೆ ಹರಡಿದ ಜಾಗದಲ್ಲಿ ಅವಳ ಮನೆಯ ಐವರೂ ಮಲಗಬಹುದು, ಜಾಗ ತಿಂದಷ್ಟೂ ದೊಡ್ಡೋರಾಗಿ ಕಾಣ್ತಾರೆ, ಪುಣ್ಯಾತ್ಮ ಅದನ್ನೂ ಹೇಳಿಕೊಟ್ಟ, ಈ ಅಂಚಿಗೆ ಮಂಡಿಯೂರಿ ಹೊಲಿಗೆ ಹಾಕಿದವಳೂ ಅವಳೇ, ತಲೆ ಎತ್ತದೆ, ಕೆಲಸಕ್ಕೆ ಕಳಿಸಿದ ದಿನ ತಾಯಿ ಬಾಚಣಿಗೆ ಹಿಡಿದು ಹೇಳಿದ್ದಳು, ದೊಡ್ಡೋರಿಗೆ ನಿನ್ನ ಮುಖ ಕಾಣಲ್ಲ ಕಣೇ, ಬೈತಲೆ ಕಾಣುತ್ತೆ, ಅದು ನೆಟ್ಟಗಿರ್ಲಿ, ಅವರು ಬಂದ ತಕ್ಷಣ ಎದ್ದು ನಿಲ್ಲು —

ಬಾಗಿಲು, ಒಡತಿ, ಮಂಡಿ ತಾನಾಗಿಯೇ ಮೇಲೇಳುತ್ತಿದೆ, ಏಳ್ಬೇಡ, ನೆರಿಗೆ ಕೆಡುತ್ತೆ, ಚಿತ್ರಗಾರನ ಪಿಸುಮಾತು, ನೆರಿಗೆಯ ಕಷ್ಟ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಎದ್ದರೆ ಅವನ ಒಂಬತ್ತು ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಕೂತರೆ ತನ್ನ ಕೆಲಸ ಹೋಗುತ್ತದೆ, ಅರ್ಧ ಎದ್ದಳು, ಕಾಲ ಬಳಿ ನೆರಿಗೆಯೊಂದು ಜಾರಿತು, ಒಡತಿ ಅವಳನ್ನು ನೋಡಿದರು, ಚಿತ್ರವನ್ನು ನೋಡಿದರು, ಮತ್ತೆ ಅವಳನ್ನು, ಕೂತ್ಕೋ, ನನಗಿಂತ ಚೆನ್ನಾಗೇ ಕೂತಿದೀಯ, ಬೈದರೋ ಹೊಗಳಿದರೋ, ಕೂತಳು, ಅವರ ಹೊಟ್ಟೆ ತಣ್ಣಗಿರಲಿ, ಈ ಒಂದು ಮಾತಿಗೆ ಇನ್ನಿಪ್ಪತ್ತು ವರ್ಷ ನಿಂತಿರಬಹುದು, ಚಿತ್ರಗಾರ ಕುಂಚ ಕೆಳಗಿಡುವಷ್ಟರಲ್ಲಿ ಒಡತಿಯೇ ಬಗ್ಗಿದರು, ಜಾರಿದ ನೆರಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಕೂರಿಸುತ್ತಿದ್ದಾರೆ, ಆ ತಲೆಯನ್ನು ಅವಳು ಮೇಲಿನಿಂದ ಎಂದೂ ನೋಡಿರಲಿಲ್ಲ, ಬಾಚಿದವರು ಯಾರೋ, ಬೈತಲೆ ಸೊಟ್ಟಗಿದೆ, ಎರಡೂ ಬದಿಗೆ ನರೆ, ತನ್ನ ಹಾಗೆಯೇ, ಗದ್ದ ಮೇಲಿರಬೇಕು, ಕಣ್ಣು ಮಾತ್ರ ಕೆಳಗೆ, ನೆರಿಗೆ ಸರಿಹೋಯಿತು, ಒಡತಿ ಇನ್ನೂ ಬಗ್ಗಿಯೇ ಇದ್ದಾರೆ, ಬೈತಲೆ, ಆ ಸೊಟ್ಟ ಬೈತಲೆ