ಮೂರನೆಯ ತೊಳೆತದ ನೀರು

ಬೆಳಗಿನ ಪೂಜೆಗೆ ಕುಳಿತ ವಿರುಪಾಕ್ಷಪ್ಪ ಅಂಗೈಯಲ್ಲಿ ಲಿಂಗವನ್ನಿಟ್ಟು ನೀರೆರೆದಾಗ, ಬೆರಳ ಸಂದಿಯಿಂದ ಇಳಿದ ನೀರು ಎಂದಿನಂತೆ ನಸುಗೆಂಪಾಗಿತ್ತು. ಅವನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಡೊಂಬಿವಲಿಯ ಬಣ್ಣದ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದ ಕೈ. ಎಷ್ಟು ಉಜ್ಜಿದರೂ ರೇಖೆಗಳಲ್ಲಿ ಬಣ್ಣ ಉಳಿಯುತ್ತದೆ. ಅವನಿದ್ದ ಚಾಳಿನ ಸಾಲುಕೋಣೆಗಳಲ್ಲಿದ್ದವರೆಲ್ಲ ಬಣ್ಣದ ಕೆಲಸದವರೇ. ಬಚ್ಚಲ ನೀರು ಕೆಂಪಾದರೆ ಹೆಂಗಸರು ಗಂಡಂದಿರನ್ನು ಬೈದು ಸುಮ್ಮನಾಗುತ್ತಿದ್ದರು.

ಅದು ೧೯೭೯ರ ಚೈತ್ರ. ಅವನ ಹೆಂಡತಿ ಪಾರವ್ವ ತೀರಿಕೊಂಡು ಅಂದಿಗೆ ಒಂದು ವರ್ಷ. ಹೊಟ್ಟೆನೋವೆಂದು ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಸಂಜೆಯ ಜಂಗಮರ ಪಾದಪೂಜೆಗೆಂದು ಅಕ್ಕ ಕಾಶವ್ವ ವಿಜಾಪುರದಿಂದ ಬಂದಿದ್ದಳು. ಪೂಜೆಗೆ ತಂದ ಹೊಸ ಬಿಳಿ ವಸ್ತ್ರವನ್ನು ಗಂಜಿ ಹೋಗಲೆಂದು ಚಾಳಿನ ಬಾವಿಕಟ್ಟೆಯಲ್ಲಿ ನೆನೆಸಿದ್ದಳು.

"ವಿರುಪಾಕ್ಷಾ, ಬಾರೋ ಇಲ್ಲಿ!"

ವಸ್ತ್ರ ಗುಲಾಬಿಯಾಗಿತ್ತು.

"ಬಕೀಟಿಗೆ ನನ್ನ ಕೈ ಹತ್ತಿರಬೇಕಕ್ಕಾ."

"ನಿನ್ನ ಕೈ ಎಲ್ಲಿ ಬಂತೋ? ಬಕೀಟ ತಿಕ್ಕಿದಾಕಿ ನಾ, ನೀರು ಸೇದಿದಾಕಿ ನಾ. ನನ್ನ ಕೈಯಾಗ ಯಾವ ಬಣ್ಣ ಐತಿ, ನೋಡು!"

ರೊಟ್ಟಿ ತಟ್ಟಿ ಸವೆದ ಬೆಳ್ಳನೆಯ ಅಂಗೈಗಳು. ವಿರುಪಾಕ್ಷಪ್ಪ ತಾನೇ ನೀರು ಸೇದಿ ಬಿಳಿ ತಾಟಿಗೆ ಸುರಿದ. ಹಿತ್ತಾಳೆ ಕೊಡದಲ್ಲಿ ಯಾರಿಗೂ ಕಾಣದ ಕೆಂಪು ತಾಟಿನಲ್ಲಿ ಕಂಡಿತು. ಬಾವಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಾಲಾ ಹರಿಯುತ್ತಿತ್ತು. ಪಾಳಿ ಮುಗಿಯುವಾಗ ಕೊಳವೆಯ ಕಬ್ಬಿಣದ ಚಕ್ರ ತಿರುಗಿಸಿ ಕಾರ್ಖಾನೆಯ ಕೊಳಕು ನೀರನ್ನು ಅದರೊಳಗೆ ಬಿಡುತ್ತಿದ್ದವನು ಅವನೇ. ಅದು ಖಾಡಿಯ ಹಿನ್ನೀರಿಗೆ ಹೋಗುತ್ತದೆ, ಸಮುದ್ರ ನುಂಗುತ್ತದೆ ಎಂದುಕೊಂಡಿದ್ದ. ದಾರಿಯಲ್ಲಿ ನೆಲವೂ ಕುಡಿಯುತ್ತದೆಂದು ಒಂದು ದಿನವೂ ಹೊಳೆದಿರಲಿಲ್ಲ.

"ಪಾರವ್ವನೂ ಇದನ್ನ ಕುಡೀತಿದ್ಲೇನೋ?" ಕಾಶವ್ವ ಮೆಲ್ಲಗೆ ಕೇಳಿದಳು.

ಕೊನೆಯ ದಿನಗಳಲ್ಲಿ ಅವಳಿಗೆ ಬೇರೇನೂ ಇಳಿಯುತ್ತಿರಲಿಲ್ಲ. ಲಿಂಗದ ಮೇಲೆರೆದ ನೀರನ್ನು ಚಮಚೆ ಚಮಚೆಯಾಗಿ ಬಾಯಿಗೆ ಹಾಕಿದ್ದವನು ಅವನೇ. ಅವಳನ್ನು ಕೊಂದದ್ದು ಇದೇ ನೀರೋ ಅಲ್ಲವೋ, ಹೇಳುವವರು ಯಾರೂ ಇರಲಿಲ್ಲ. ತಾಟಿನ ನೀರನ್ನು ತಂಬಿಗೆಗೆ ಸುರಿದುಕೊಂಡು ಅವನು ಕಾರ್ಖಾನೆಗೆ ನಡೆದ.

ಕಾರ್ಖಾನೆಯ ಮ್ಯಾನೇಜರ್ ಮಧ್ವರಾಜರು ಉಡುಪಿಯ ಕಡೆಯವರು. ಮೇಜಿನ ಮೇಲಿನ ಪುಟ್ಟ ಕೃಷ್ಣನಿಗೆ ಹೂವೇರಿಸದೆ ಕಾಗದ ಮುಟ್ಟುವವರಲ್ಲ. ವಿರುಪಾಕ್ಷಪ್ಪ ಅವರ ಮುಂದೆ ಆ ತಂಬಿಗೆ ಇಟ್ಟ.

"ನಮ್ಮ ಚಾಳಿನ ಬಾವಿ ನೀರ್ರಿ. ನಿಮ್ಮ ಕೃಷ್ಣಗ ಸ್ನಾನ ಮಾಡಸ್ರಿ."

ಮಧ್ವರಾಜರು ತಂಬಿಗೆಯೊಳಗೆ ಬೆರಳದ್ದಿ ಬಿಳಿ ಕರವಸ್ತ್ರಕ್ಕೆ ಒರೆಸಿದರು; ನೋಡಿ ಮುಖ ತಿರುಗಿಸಿದರು. "ಕೊಳಕು ನೀರನ್ನು ಟ್ಯಾಂಕಿಯಲ್ಲಿ ಸುಣ್ಣ ಹಾಕಿ ನಿಲ್ಲಿಸಿದರೆ ತಿಳಿಯಾಗಲು ಎರಡು ದಿನ ಬೇಕು ಮಾರಾಯ್ರೇ. ಅಷ್ಟರಲ್ಲಿ ಟ್ಯಾಂಕಿ ತುಂಬಿ ಕೆಲಸ ನಿಲ್ಲುತ್ತದೆ. ಮಾಲೀಕ ಶೇಠ್ ಬೀಗ ಹಾಕಿದರೆ ಇಷ್ಟು ಜನ ಎಂತ ತಿನ್ನುವುದು?"

"ಟ್ಯಾಂಕಿ ತುಂಬದಂಗ ಮಾಡೋಣ್ರಿ. ನಮ್ಮಾಕಿ ಅರಿವಿ ಒಗೆದ ಮೂರನೇ ಸಲದ ನೀರು ಎಂದೂ ಚೆಲ್ಲಿದಾಕಿ ಅಲ್ಲ. ಮರುದಿನ ಮೊದಲನೇ ಒಗೆತಕ್ಕ ಅದೇ. ನಾವು ಬಣ್ಣಾನ ಮೂರು ಸಲ ತೊಳೀತೀವಿ, ಮೂರೂ ಸಲ ಹೊಸಾ ನೀರು. ಕಡೀದು ತಿಳಿಯಾಗೇ ಇರತೈತಲ್ರಿ? ಅದನ್ನ ಮುಂದಿನ ಸಲದ ಮೊದಲನೇ ತೊಳೆತಕ್ಕ ಇಡೋಣು. ಟ್ಯಾಂಕಿಗೆ ಹೋಗೂದು ಮೂರರಾಗ ಎರಡೇ ಪಾಲು, ಅದು ಸುಣ್ಣದಾಗ ನಿಲ್ಲಲಿ."

"ಶೇಠ್ ಒಪ್ಪದಿದ್ದರೆ?"

ವಿರುಪಾಕ್ಷಪ್ಪ ಕಳಚಿ ತಂದಿದ್ದ ಆ ಕಬ್ಬಿಣದ ಚಕ್ರವನ್ನು ಚೀಲದಿಂದ ತೆಗೆದು ತಂಬಿಗೆಯ ಪಕ್ಕದಲ್ಲಿಟ್ಟ. "ತಿರುಗಸಾಕ ಬೇರೆ ಕೈ ಹುಡುಕ್ರಿ. ಈ ಕೈಯಿಂದ ಆಗೂದಿಲ್ಲ."

ಮಧ್ವರಾಜರು ಎದ್ದು ಚಕ್ರವನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಹೋಗಿ ಆ ಮೂರನೆಯ ನೀರಿಗೆ ಖಾಲಿ ಪೀಪಾಯಿ ತೊಳೆಸಿ. ಶೇಠ್‌ಗೆ ನಾನು ಹೇಳ್ತೇನೆ."

ಸಂಜೆಯ ಹೊತ್ತಿಗೆ ಕಾಶವ್ವ ಬಾವಿಯ ಮೇಲೆ ಹಲಗೆ ಮುಚ್ಚಿಸಿ, ಮನೆಮನೆಗೂ ಹೇಳಿ, ಸ್ಟೇಶನ್ ಕಡೆಯ ನಳದಿಂದ ಕೊಡ ಹೊತ್ತು ತಂದಿದ್ದಳು. ಪಾದಪೂಜೆ ಮುಗಿದು ತೀರ್ಥ ಕೊಟ್ಟಾಗ ವಿರುಪಾಕ್ಷಪ್ಪ ಕೈಯೊಡ್ಡಿದ. ಬಾಯಿಗೆ ತರಲಾರದೆ ಹಾಗೇ ಕುಳಿತ.

"ಕುಡಿಯೋ ತಮ್ಮಾ, ನಳದ ನೀರು."

ನೀರು ತಿಳಿಯಾಗಿಯೇ ಇತ್ತು. ಅದರ ಕೆಳಗೆ ಕಾಣುತ್ತಿದ್ದ ಕೆಂಪು ಗೆರೆಗಳು ಮಾತ್ರ ಅವನ ಅಂಗೈಯವು.